ತಕ್ಕಡಿ ಸಾಹೇಬನ ಹತ್ತು ಬಾಟಲಿ

“ಮೂರು ವಾರದಲ್ಲಿ ಈ ಕೋಟಿನ ಗುಂಡಿ ಹಾಕಿ ತೋರಿಸ್ತೀನಿ! ಇಲ್ಲದಿದ್ರೆ ನನ್ನ ಹೆಸರೇ ಬದಲಾಯಿಸಿ!” ಎಂದು ನನ್ನ ತಮ್ಮ ಕನ್ನಡಿಯ ಮುಂದೆ ಗುಡುಗಿದ.

ಹೆಸರನ್ನು ಜನ ಎಂದೋ ಬದಲಾಯಿಸಿಯಾಗಿತ್ತು. ತೂಕ-ಅಳತೆ ಇಲಾಖೆಯಲ್ಲಿ ಮೂವತ್ತೈದು ವರ್ಷ ಇನ್‌ಸ್ಪೆಕ್ಟರಾಗಿದ್ದವನನ್ನು ಎಲ್ಲರೂ ಕರೆಯುವುದು ‘ತಕ್ಕಡಿ ಸಾಹೇಬ’ ಎಂದೇ. ಹುಟ್ಟುಗುಣ ಅದು. ಚಿಕ್ಕವನಿದ್ದಾಗ ಬಿಸ್ಕತ್ತು ಮುರಿದು ಕೊಟ್ಟರೆ, ಎರಡು ಅಂಗೈಯಲ್ಲಿ ಎರಡು ಚೂರು ಇಟ್ಟು ಕಣ್ಣು ಮುಚ್ಚಿ ತೂಗಿ, “ಅಕ್ಕಾ, ನಿಂದು ಜಾಸ್ತಿ!” ಎನ್ನುತ್ತಿದ್ದ. ಜಾಸ್ತಿಯೇ ಇರುತ್ತಿತ್ತು ಅನ್ನಿ, ಆ ಮಾತು ಬೇರೆ.

ಈಗ ಶಾಲೆಯೊಂದರಲ್ಲಿ ‘ಲೇಬಲ್ ಓದುವುದು ಹೇಗೆ’ ಎಂದು ಮಕ್ಕಳಿಗೆ ಹೇಳಿಕೊಡಲು ಅವನಿಗೆ ಕರೆ ಬಂದಿತ್ತು. ನಿವೃತ್ತನಾದ ಮೇಲೆ ಐದು ವರ್ಷ ಯಾರೂ ಒಂದು ಮಾತು ಕೇಳಿರಲಿಲ್ಲ ಪಾಪ. ಪತ್ರವನ್ನು ದಿಂಬಿನ ಕೆಳಗಿಟ್ಟುಕೊಂಡೇ ಮಲಗುತ್ತಿದ್ದ. ಹಳೆಯ ಇಲಾಖೆ ಕೋಟು ಹಾಕಿಕೊಂಡೇ ಹೋಗಬೇಕೆಂಬುದು ಅವನ ಆಸೆ. ಆದರೆ ಗುಂಡಿಗೂ ಕಾಜಾಕ್ಕೂ ನಡುವೆ ನಾಲ್ಕು ಬೆರಳು ಮನಸ್ತಾಪ!

ಹೊಲಿಗೆ ಅಂಗಡಿ ನಡೆಸುವ ಅವನ ಹೆಂಡತಿ ಟೇಪು ಹಿಡಿದುಕೊಂಡೇ ಬಂದಳು. “ರೀ, ಸೈಡಲ್ಲಿ ಬಿಚ್ಚಿ ಸ್ವಲ್ಪ ಅಗಲ ಮಾಡಿಕೊಡ್ತೀನಿ. ಹತ್ತು ನಿಮಿಷದ ಕೆಲಸ.”

“ಕೋಟು ನನಗೆ ಬಗ್ಗಬಾರದು ಕಣೇ. ನಾನು ಕೋಟಿಗೆ ಬಗ್ಗಬೇಕು!”

“ಬಗ್ಗೋಕೆ ಆಗ್ತಿದ್ರೆ ಈ ಕಷ್ಟ ಯಾಕ್ರೀ?”

ಅವನು ಜಿಮ್ ಮೇಷ್ಟ್ರನ್ನು ಕೇಳಿಕೊಂಡು ಬಂದ. ದಿನಕ್ಕೆ ಅರವತ್ತು ಗ್ರಾಂ ಪ್ರೋಟೀನ್ ಎಂದರಂತೆ ಅವರು. ಮರುದಿನವೇ ಮನೆಗೆ ಪೆಟ್ಟಿಗೆಗಟ್ಟಲೆ ಬಾಟಲಿ ಬಂದವು. ಕಲಸುವುದು ಬೇಡ, ಕಾಯಿಸುವುದು ಬೇಡ, ಮುಚ್ಚಳ ತಿರುವಿ ಕುಡಿಯುವ ಪ್ರೋಟೀನ್ ಶೇಕು. ಮೇಲೆ ಬಂಗಾರದ ಅಕ್ಷರದಲ್ಲಿ ‘ಲೈಟ್’.

ಅಕ್ಕಸಾಲಿಗರ ಭೂತಗನ್ನಡಿ ಹಿಡಿದು ನನ್ನ ತಮ್ಮ ಲೇಬಲ್ ಓದತೊಡಗಿದ. ಓದುತ್ತಾ ಓದುತ್ತಾ ಎದ್ದೇ ನಿಂತುಬಿಟ್ಟ!

“ಅಕ್ಕಾ, ಕೇಳು! ಪ್ರೋಟೀನ್, ಕ್ಯಾಲ್ಸಿಯಂ, ಕಬ್ಬಿಣ, ಸತು... ಇಪ್ಪತ್ಮೂರು ವಿಟಮಿನ್ನು, ಖನಿಜ! ಕೊಬ್ಬು ಒಂದೇ ಗ್ರಾಂ! ಸಕ್ಕರೆ ಒಂದು ಗ್ರಾಂ ಕೂಡ ಇಲ್ಲ. ಆದ್ರೂ ಸಿಹಿ!”

ಸುಳ್ಳೇಕೆ ಹೇಳಲಿ, ನನಗೂ ಬೆರಗಾಯಿತು. ಹಾಲಿನಂಗಡಿ, ಔಷಧದಂಗಡಿ, ಕಬ್ಬಿಣದಂಗಡಿ ಮೂರೂ ಸೇರಿ ಒಂದೇ ಬಾಟಲಿಯಲ್ಲಿ ಬಾಡಿಗೆಗಿದ್ದ ಹಾಗೆ! ಒಂದು ಗುಟುಕು ಕುಡಿದೆ. ಕಬ್ಬಿಣ ನಾಲಿಗೆಗೆ ಎಲ್ಲೂ ತಗುಲಲಿಲ್ಲ. ಇಷ್ಟನ್ನೆಲ್ಲ ಅದರೊಳಗೆ ಹೇಗೆ ತುರುಕಿದರೋ, ಆ ಪುಣ್ಯಾತ್ಮರಿಗೇ ಗೊತ್ತು.

“ಪ್ರೋಟೀನ್ ಆರು ಗ್ರಾಂ, ಶಕ್ತಿ ನಲವತ್ತೈದು ಕ್ಯಾಲೊರಿ,” ಎಂದು ಅವನು ಪುಸ್ತಕದಲ್ಲಿ ಬರೆದುಕೊಂಡ. “ಅರವತ್ತು ಗ್ರಾಂ ಬೇಕು ಅಂದ್ರೆ ಹತ್ತು ಬಾಟಲಿ!”

“ಹತ್ತಾ?” ಹೆಂಡತಿ ಹೌಹಾರಿದಳು. “ಮತ್ತೆ ಊಟ?”

“ಅದರ ಪಾಡಿಗೆ ಅದು. ಇದು ಲೈಟ್ ಕಣೇ, ಊಟದ ಲೆಕ್ಕಕ್ಕೆ ಬರಲ್ಲ!”

ಎರಡು ವಾರ ಆ ಮನೆಯಲ್ಲಿ ಮುಚ್ಚಳ ತಿರುವುವ ಸದ್ದೇ ಸದ್ದು. ಹದಿನೈದನೆಯ ದಿನ ಮೀಸೆ ತಿರುವುತ್ತಾ ಔಷಧದಂಗಡಿಗೆ ಹೋಗಿ ತೂಕದ ಯಂತ್ರ ಹತ್ತಿದ. ಮುಳ್ಳು ಹಿಂದಿನ ತೂಕಕ್ಕಿಂತ ಮೂರು ಕಿಲೋ ಮೇಲೆ ನಿಂತಿತ್ತು!

“ಯಂತ್ರ ಕೆಟ್ಟಿದೆ,” ಎಂದು ತೀರ್ಪು ಕೊಟ್ಟ.

“ಬೆಳಗ್ಗೆಯಿಂದ ಸರಿಯಾಗೇ ಇತ್ತಲ್ಲ ಸಾರ್...” ಅಂಗಡಿಯವನು ತೊದಲಿದ.

“ನನಗೆ ತೂಕ ಹೇಳಿಕೊಡ್ತೀಯಾ?”

ಸೇವೆಯಲ್ಲಿದ್ದಾಗ ಇಪ್ಪತ್ತು ಕಿಲೋ ಕಲ್ಲಿಟ್ಟು ಪರೀಕ್ಷಿಸದೆ ಯಾರ ತಕ್ಕಡಿಯ ಕಡೆಗೂ ಬೆರಳು ತೋರಿಸಿದವನಲ್ಲ ನನ್ನ ತಮ್ಮ. ಅಂದು ಮಾತ್ರ ತನ್ನ ಹೊಟ್ಟೆಯನ್ನೇ ಕಲ್ಲು ಮಾಡಿಕೊಂಡ. ‘ಈ ಯಂತ್ರ ಮೂರು ಕಿಲೋ ಹೆಚ್ಚು ತೋರಿಸುತ್ತದೆ’ ಎಂದು ಚೀಟಿ ಬರೆದು, ದಾರ ಕಟ್ಟಿ, ಸಹಿ ಹಾಕಿಯೇ ಬಂದ. ಆ ಸಹಿಗೆ ಅಂಗಡಿ ಬೀದಿಯೇ ನಡುಗುತ್ತಿದ್ದ ಕಾಲವೊಂದಿತ್ತು. ಅಂಗಡಿಯವನು ಚೀಟಿಯನ್ನು ಹಾಗೇ ನೇತಾಡಲು ಬಿಟ್ಟ.

ಶಾಲೆಯ ದಿನ ಬಂತು. ಹೆಂಡತಿ ಒಂದು ಕಡೆ, ನಾನೊಂದು ಕಡೆ ಎಳೆದು, ಅವನು ಉಸಿರು ಕಟ್ಟಿ, ಅಂತೂ ಕೋಟಿನ ಒಂದೇ ಒಂದು ಗುಂಡಿ ಕಾಜಾ ಸೇರಿತು. “ಉಸಿರಾಡಬೇಡಿ,” ಎಂದಳು ಅವಳು. “ಭಾಷಣ?” “ಅದನ್ನೂ ಮೆಲ್ಲಗೆ ಮಾಡಿ!”

ವೇದಿಕೆಯಲ್ಲಿ ಮಾತ್ರ ಅವನು ರಾಜ! ನನಗೇ ದೃಷ್ಟಿ ತಾಗೀತು ಎನ್ನಿಸಿತು. “ಮಕ್ಕಳೇ, ಯಾವ ಅಂಕಿ ಕಂಡ್ರೂ ಒಂದೇ ಪ್ರಶ್ನೆ ಕೇಳಬೇಕು. ಎಷ್ಟಕ್ಕೆ? ನೂರು ಗ್ರಾಂಗಾ, ಕಿಲೋಗಾ? ಅದನ್ನ ಕೇಳದವನು ಮೋಸ ಹೋಗ್ತಾನೆ!” ಚಪ್ಪಾಳೆಯೋ ಚಪ್ಪಾಳೆ. ಆ ಹುರುಪಿನಲ್ಲಿ ಚೀಲದಿಂದ ಶೇಕಿನ ಬಾಟಲಿ ತೆಗೆದು ಎತ್ತಿ ಹಿಡಿದ. “ಇದನ್ನ ನೋಡಿ! ಪ್ರೋಟೀನ್ ಆರು ಗ್ರಾಂ!”

ಮುಂದಿನ ಸಾಲಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು.

“ಎಷ್ಟಕ್ಕೆ, ತಾತ?”

ತಾತ ಭೂತಗನ್ನಡಿ ತೆಗೆದ. ಆರು ಗ್ರಾಂನ ನೆತ್ತಿಯ ಮೇಲೆ, ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ‘ನೂರು ಮಿಲಿಲೀಟರಿಗೆ’ ಎಂದಿತ್ತು. ಬಾಟಲಿಯನ್ನು ಸ್ವಲ್ಪ ತಿರುಗಿಸಿದರೆ ಇನ್ನೊಂದು ಕಾಲಂ. ‘ಒಂದು ಬಾಟಲಿಗೆ: ಪ್ರೋಟೀನ್ ಇಪ್ಪತ್ತು ಗ್ರಾಂ, ಶಕ್ತಿ ನೂರೈವತ್ತು ಕ್ಯಾಲೊರಿ.’ ಮೂರು ಬಾಟಲಿಗೆ ಮುಗಿಯಬೇಕಾದದ್ದಕ್ಕೆ ಹತ್ತು! ಊಟದ ಮೇಲೆ ದಿನಾ ಒಂದೂವರೆ ಸಾವಿರ ಕ್ಯಾಲೊರಿ!

ಲೆಕ್ಕ ಹೊಳೆಯುತ್ತಲೇ ಅವನು ಮರೆತು ಒಂದು ದೀರ್ಘ ನಿಟ್ಟುಸಿರು ಬಿಟ್ಟ. ಗುಂಡಿ ಠಪ್ಪನೆ ಹಾರಿ ಮುಖ್ಯೋಪಾಧ್ಯಾಯಿನಿಯ ನೀರಿನ ಲೋಟಕ್ಕೆ ಬಿತ್ತು!

ಬೇರೆ ಯಾರಾದರೂ ಆಗಿದ್ದರೆ ಏನಾದರೂ ಹೇಳಿ ಜಾರಿಕೊಳ್ಳುತ್ತಿದ್ದರು. ನನ್ನ ತಮ್ಮ ವೇದಿಕೆ ಇಳಿದು ಹೋಗಿ, ಆ ಪುಟಾಣಿಯ ಕೈಗೆ ತನ್ನ ಭೂತಗನ್ನಡಿ ಕೊಟ್ಟ. “ಮಗೂ, ಮೂವತ್ತೈದು ವರ್ಷ ನಾನು ಕೇಳಿದ ಪ್ರಶ್ನೆ. ನನ್ನನ್ನೇ ಕೇಳಿಕೊಳ್ಳೋದು ಮರೆತೆ,” ಎಂದ. ನನ್ನ ಕಣ್ಣಲ್ಲಿ ನೀರು. ಅವನ ಹೆಂಡತಿಯ ಕಣ್ಣಲ್ಲೂ ನೀರು, ಆದರೆ ಅದು ನಕ್ಕು ನಕ್ಕು ಬಂದದ್ದು.

ಮರುದಿನ ಬೆಳಗ್ಗೆ ಚೀಟಿ ಬಿಚ್ಚಿ ಕ್ಷಮೆ ಕೇಳಲು ಔಷಧದಂಗಡಿಗೆ ಹೊರಟ. ಅವನ ಪೆಚ್ಚು ಮೋರೆ ನೋಡಲು ನಾನೂ ಹಿಂದೆಯೇ ಹೊರಟೆ. “ಅಲ್ಲ ಕಣೋ, ಬಾಟಲಿ ಮೇಲಿನ ಒಂದು ಚೀಟಿ ಸರಿಯಾಗಿ ಓದೋಕೆ ಬರಲ್ವೇನೋ ನಿನಗೆ?” ಎಂದು ದಾರಿಯುದ್ದಕ್ಕೂ ಚುಚ್ಚಿದೆ.

ಅಂಗಡಿಯವನು ಯಂತ್ರಕ್ಕೆ ಅಡ್ಡ ನಿಂತುಬಿಟ್ಟ. “ಬಿಚ್ಚಬೇಡಿ ಸಾರ್, ನಿಮ್ಮ ದಮ್ಮಯ್ಯ! ಈ ಚೀಟಿ ಬಂದ ಮೇಲೆ ಹತ್ತಿದವರೆಲ್ಲ ನಗ್ತಾ ನಗ್ತಾ ಇಳೀತಾರೆ. ನಿಮ್ಮ ಅಕ್ಕನವರೇ ಮೊನ್ನೆ ಮೂರು ಸಲ ಹತ್ತಿ ಇಳಿದ್ರು. ಸಲಕ್ಕೆ ಮೂರರಂತೆ ಒಟ್ಟು ಒಂಬತ್ತು ಕಿಲೋ ಕಳೆದುಕೊಂಡು, ಆ ಸಂತೋಷಕ್ಕೆ ಪಕ್ಕದ ಬೇಕರೀಲಿ ಎರಡು ಕೇಕ್ ತಿಂದು ಹೋದ್ರು!”

ನನ್ನ ತಮ್ಮ ನಗಲಿಲ್ಲ. ನಿಧಾನವಾಗಿ ನನ್ನ ಕಡೆ ತಿರುಗಿ, ಜೇಬಿನಿಂದ ಪುಸ್ತಕ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿದ.

“ಎರಡು ಕೇಕಾ? ಎಷ್ಟೆಷ್ಟು ಗ್ರಾಂದು, ಅಕ್ಕಾ?”