ಕಾಲುಂಗುರದ ಮಷೀನು

ನಮ್ಮಣ್ಣನ ಹತ್ತಿರ ಬಟ್ಟೆ ಹೊಲಿಸುವುದಕ್ಕೆ ದುಡ್ಡಿಗಿಂತ ಹೆಚ್ಚಾಗಿ ಧೈರ್ಯ ಬೇಕಾಗಿತ್ತು. ದಾಸನಕೊಪ್ಪದಿಂದ ಬನವಾಸಿಗೆ ಹೋಗುವ ರಸ್ತೆಯ ಮೇಲೆ ಅವನ ಅಂಗಡಿ. ಅಂಗಡಿಯೆಂದರೆ ನಮ್ಮ ಮನೆಯ ಮುಂದಿನ ಪಡಸಾಲೆಯೇ. ಅಳತೆಯ ಟೇಪು ಗೂಟಕ್ಕೆ ಜೋತುಬಿದ್ದಿರುತ್ತಿತ್ತು. ಅದನ್ನು ಅವನು ಮುಟ್ಟಿದ್ದನ್ನು ನಾನಂತೂ ಕಂಡಿಲ್ಲ. ಗಿರಾಕಿ ಮೆಟ್ಟಿಲು ಹತ್ತುವಷ್ಟರಲ್ಲಿ ಮೇಲಿಂದ ಕೆಳಗೆ ಒಂದು ಸಲ ನೋಡಿ ಅಳತೆ ಹೇಳಿಬಿಡುತ್ತಿದ್ದ. ಅಳತೆಯೊಂದನ್ನೇ ಹೇಳಿದ್ದರೆ ಯಾರು ಬೇಡವೆನ್ನುತ್ತಿದ್ದರು? ಎಡಭುಜ ಇಳಿದಿದೆ, ಹೊಟ್ಟೆ ಹೋದ ದೀಪಾವಳಿಗಿಂತ ಎರಡಿಂಚು ಮುಂದೆ ಬಂದಿದೆ, ಕುತ್ತಿಗೆಯೇ ಇಲ್ಲದ ಮೇಲೆ ಕಾಲರು ಯಾಕೆ ದಂಡ ಎಂದು ಬೀದಿಗೆಲ್ಲ ಕೇಳುವಂತೆ ಹೇಳಬೇಕೆ! ಊರ ಗೌಡರು, ಪಾಪ, ಅವನೆದುರು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು.

ಇಂಥವನಿಗೂ ಹೆಣ್ಣು ಕೊಟ್ಟವರಿದ್ದರು. ವೈನಿ, ಎಂದರೆ ಅಣ್ಣನ ಹೆಂಡತಿ, ಮಾತು ಕಡಿಮೆಯವಳು. ಮದುವೆಯಾಗಿ ಒಂದೂವರೆ ವರ್ಷ ಕಳೆದರೂ ಗಂಡಹೆಂಡತಿ ನಮ್ಮೆದುರು ಮಾತಾಡಿದ್ದನ್ನು ಕಂಡವರಿರಲಿಲ್ಲ. ಆಗಿನ ಕಾಲವೇ ಹಾಗೆ. ಅಣ್ಣನಿಗೆ ನೀರು ಬೇಕಾದರೆ ಗೋಡೆಗೆ ಹೇಳುತ್ತಿದ್ದ. ವೈನಿ ತಂಬಿಗೆ ತಂದು ಗೋಡೆಯ ಹತ್ತಿರ ಇಡುತ್ತಿದ್ದಳು.

ನಮ್ಮ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಾತು. ಶಿರಸಿಯಿಂದ ಬಟ್ಟೆಯ ಗಂಟು ತರಲು ಹೋದ ಅಣ್ಣ ಬಸ್ಸು ತಪ್ಪಿಸಿಕೊಂಡು ನಾಟಾ ಸಾಗಿಸುವ ಲಾರಿ ಹತ್ತಿದ. ತಿರುವಿನಲ್ಲಿ ಲಾರಿ ಉರುಳಿ ಮರದ ದಿಮ್ಮಿ ಅವನ ಕಾಲ ಮೇಲೆ ಬಿತ್ತು. ಹುಬ್ಬಳ್ಳಿ ದವಾಖಾನೆಯಲ್ಲಿ ಮೂರು ತಿಂಗಳಿದ್ದು ಬಂದಾಗ ಬಲಗಾಲು ಮೊಣಕಾಲಿನಿಂದ ಕೆಳಗೆ ಇರಲಿಲ್ಲ. ಎಡಗಾಲು ಇತ್ತು, ಆದರೆ ಇಟ್ಟಲ್ಲೇ ಇರುತ್ತಿತ್ತು. ನೆರೆಹೊರೆಯವರು ಕಣ್ಣೊರೆಸಿಕೊಳ್ಳುತ್ತ ನೋಡಲು ಬಂದರು. ಅಣ್ಣ ಮಲಗಿದಲ್ಲಿಂದಲೇ ಒಬ್ಬರ ಅಂಗಿ ದಿಟ್ಟಿಸಿ, ಈ ತೋಳು ಹಚ್ಚಿದವನು ಹೊಲಿಗೆ ಬಿಟ್ಟು ಎಮ್ಮೆ ಕಾಯುವುದು ಒಳ್ಳೆಯದು ಎಂದ. ಬಂದವರ ಕಣ್ಣೀರು ಅಲ್ಲೇ ನಿಂತಿತು.

ಮೇಲೆ ಹೀಗೆ ಹಾರಾಡುತ್ತಿದ್ದವನು ಒಳಗೊಳಗೇ ಬೇರೊಂದು ಕೆಲಸ ಮಾಡಿದ್ದ. ಮಾವನಿಗೆ ಹೇಳಿ ಕಳಿಸಿದ್ದ: ಮಗಳನ್ನು ಕರೆದುಕೊಂಡು ಹೋಗಿ, ಇಪ್ಪತ್ತು ತುಂಬದ ಹುಡುಗಿ ನನ್ನ ಮಂಚ ಕಾಯುತ್ತ ಕೂರುವುದು ಬೇಡ, ಹೇಗೂ ನಮ್ಮವರಲ್ಲಿ ಉಡಿಕೆಯಿದೆ. ಉಡಿಕೆಯೆಂದರೆ ಹೆಣ್ಣಿನ ಮರುಮದುವೆ. ವೈನಿಯನ್ನು ಒಂದು ಮಾತು ಕೇಳಿದರೆ? ಯಾರೂ ಕೇಳಲಿಲ್ಲ.

ಮಾವ ಎತ್ತಿನ ಗಾಡಿ ಕಟ್ಟಿಕೊಂಡು ಬಂದರು. ಅಳುವ ಕೆಲಸವನ್ನೆಲ್ಲ ನಮ್ಮವ್ವ ನೋಡಿಕೊಂಡಳು. ವೈನಿ ಮಾತ್ರ ಮಷೀನಿನ ಖಾನೆಯಿಂದ ಒಂದು ಕುಪ್ಪಸ ತೆಗೆದು ಅಣ್ಣನ ಮಂಚದ ಮೇಲೆ ಇಟ್ಟಳು. ಅಪಘಾತಕ್ಕೆ ಮೊದಲು ಅವನೇ ಅವಳಿಗಾಗಿ ಹೊಲಿಯುತ್ತಿದ್ದದ್ದು. ಒಂದೇ ತೋಳು ಹಚ್ಚಿಯಾಗಿತ್ತು.

"ಒಂದ ತೋಳಿನ ಕುಪ್ಪಸ ತೊಟ್ಟು ತವರಿಗೆ ಹೋಗಾಕ ಆಗೂದಿಲ್ರಿ. ಇನ್ನೊಂದು ಹಚ್ಚಿ ಕೊಡ್ರಿ, ಹೋಗ್ತೀನಿ."

ಅಣ್ಣ ಗೋಡೆಯನ್ನು ಮರೆತು ನೇರವಾಗಿ ಅವಳಿಗೇ ಹೇಳಿದ: "ಮಷೀನ್ ತುಳಿಯಾಕ ಕಾಲು ಬೇಕು. ನನಗೆಲ್ಲಿ ಅದಾವು?"

"ನನಗ ಅದಾವಲ್ರಿ."

ಅಣ್ಣನನ್ನು ಎತ್ತಿ ಬೆಂಚಿನ ಮೇಲೆ ಕೂರಿಸಿದೆವು. ಪಕ್ಕದಲ್ಲಿ ವೈನಿ ಕೂತು ತುಳಿದಳು. ಗಾಲಿ ಹಿಂದಕ್ಕೆ ತಿರುಗಿ ದಾರ ಪಟ್ಟೆಂದು ಹರಿಯಿತು. ಮತ್ತೆ ಪೋಣಿಸಿದರು, ಮತ್ತೆ ಹರಿಯಿತು. ರಾಗಿ ಬೀಸುತ್ತಿದ್ದೀಯೋ ಹೊಲಿಯುತ್ತಿದ್ದೀಯೋ ಎಂದು ಅಣ್ಣ ಕೂಗಾಡಿದ. ಮೂರನೆಯ ದಿನ ತೋಳು ಕೂತಿತು, ಆದರೆ ಒಳಮೈ ಹೊರಗಾಗಿ! ಬಿಚ್ಚಿದ್ದಾಯಿತು. ಅಷ್ಟರಲ್ಲಿ ಮಾವನವರು ನಮ್ಮ ಮನೆಯ ರೊಟ್ಟಿ ತಿಂದು ತಿಂದು ಬೇಸತ್ತಿದ್ದರು. ತೋಳು ಮುಗಿದ ಮೇಲೆ ಹೇಳಿ ಕಳಿಸಿ ಎಂದು ಬರಿಗಾಡಿ ಹೊಡೆದುಕೊಂಡು ಹೋದರು.

ಅಣ್ಣ ಹೇಳಿ ಕಳಿಸಲಿಲ್ಲ. ಹಾಗೆಂದು ವೈನಿಗೆ ಇಲ್ಲೇ ಇರು ಎಂದೂ ಹೇಳಲಿಲ್ಲ. ಹೋಗು ಎಂದ ಮಾತು ಹಾಗೆಯೇ ಉಳಿಯಿತು. ವೈನಿ ಅದರ ಪಕ್ಕದಲ್ಲೇ ಕೂತು ಮಷೀನು ತುಳಿದಳು.

ತಿಂಗಳೊಳಗೆ ಅಂಗಡಿ ಮತ್ತೆ ಶುರುವಾಯಿತು. ಆದರೆ ಗಂಡಹೆಂಡತಿ ಹಾಡಹಗಲು ಬೀದಿಯೆದುರು ಒಂದೇ ಬೆಂಚಿನ ಮೇಲೆ ಭುಜಕ್ಕೆ ಭುಜ ತಾಗಿಸಿಕೊಂಡು ಕೂರುವುದೆ? ಹಿರಿಯರು ಗೊಣಗಿದರು. ಅವ್ವ ಒಂದು ಹಳೆಯ ಸೀರೆಯನ್ನು ಇಬ್ಬರ ನಡುವೆಯೂ ವೈನಿಯ ಮುಂದೆಯೂ ಪರದೆಯಾಗಿ ಇಳಿಬಿಟ್ಟಳು. ವೈನಿ ಕಾಣದಂತಾದಳು, ಆದರೆ ಪರದೆಗೆ ಉದ್ದ ಸಾಲದು. ಒಂದು ದಿನ ಯಲ್ಲಾಪುರದ ಕಡೆಯ ಗುಮಾಸ್ತರೊಬ್ಬರು ಬಂದು ನೋಡುತ್ತಾರೆ: ಮೇಲೆ ದಪ್ಪ ಮೀಸೆ, ಕೆಳಗೆ ಅರಿಸಿನ ಹಚ್ಚಿದ, ಬೆಳ್ಳಿ ಕಾಲುಂಗುರದ ಎರಡು ಪಾದ! ಒಮ್ಮೆ ಮೀಸೆ ನೋಡಿದರು, ಒಮ್ಮೆ ಕಾಲುಂಗುರ ನೋಡಿದರು.

"ಇಂಥ ಮಷೀನು ನಮ್ಮಲ್ಲಿ ಇನ್ನೂ ಬಂದಿಲ್ಲೆ ಮಾರಾಯ್ರೆ," ಎಂದರು.

ಪರದೆಯ ಹಿಂದೆ ವೈನಿ ನಕ್ಕಳು. ಅವಳ ನಗು ನಾವು ಕೇಳಿದ್ದು ಅದೇ ಮೊದಲು. ಅಣ್ಣ ಮರುದಿನ ಪರದೆ ಎಳೆದು ಹಾಕಿ ಅದನ್ನು ಎರಡು ದಿಂಬಿನ ಚೀಲ ಮಾಡಿದ.

ಪರದೆ ಹೋದ ಮೇಲೆ ಜಗಳ ಬಂತು. ವೈನಿಗೆ ಸಿಟ್ಟು ಬಂದರೆ ಬಾಯಿ ಬಿಡುತ್ತಿರಲಿಲ್ಲ, ಕಾಲಿನಲ್ಲಿ ತೀರಿಸುತ್ತಿದ್ದಳು. ಭರಭರನೆ ತುಳಿದರೆ ಅಣ್ಣನ ಕೈ ಸಾಕಾಗದೆ ಹೊಲಿಗೆ ಹಾವು ಹರಿದಂತೆ ಓಡುತ್ತಿತ್ತು. ಇಲ್ಲವೇ ಜೇಬಿನ ನಡುವೆ ಕಾಲು ನಿಲ್ಲಿಸಿ ಸೂರು ನೋಡುತ್ತ ಕೂರುತ್ತಿದ್ದಳು. ಆಗ ಎಂಥ ದರ್ಜಿಯೂ ಏನು ಮಾಡಿಯಾನು? ತಪ್ಪು ತನ್ನದೇ ಎಂದು ಅಣ್ಣ ಒಪ್ಪುವವರೆಗೆ ಗೌಡರ ಅಂಗಿ ಸೂಜಿಗೆ ಸಿಕ್ಕಿಕೊಂಡಿರುತ್ತಿತ್ತು. ಊರವರು ಜಾಣರಾದರು. ಬಟ್ಟೆ ಕೊಡುವ ಮುಂಚೆ ಹೊರಗೇ ನಿಂತು, ಇವತ್ತು ಇಬ್ಬರಿಗೂ ಮಾತಿದೆಯೋ ಇಲ್ಲವೋ ಎಂದು ನನ್ನನ್ನು ವಿಚಾರಿಸುತ್ತಿದ್ದರು. ಇಲ್ಲ ಎಂದರೆ ಬಟ್ಟೆ ಕಂಕುಳಲ್ಲಿ ಇಟ್ಟುಕೊಂಡು ಹಿಂದಿರುಗುತ್ತಿದ್ದರು.

ಹೀಗೆ ಮೂರು ವರ್ಷ ನಡೆಯಿತು. ನನಗೆ ಮದುವೆಯಾಗಿ ನಾನು ಸಿದ್ದಾಪುರ ಸೇರಿದೆ. ವೈನಿ ಬಸುರಿಯೆಂದು, ಮಷೀನು ತುಳಿಯಲೇಬಾರದೆಂದು ಸೂಲಗಿತ್ತಿ ಹೇಳಿದ್ದಾಳೆಂದು ಸುದ್ದಿ ಬಂತು. ಸಿದ್ದಾಪುರದ ನಮ್ಮ ಬೀದಿಯ ದರ್ಜಿಯನ್ನು ಕೇಳಿದರೆ, ಮಷೀನಿನ ಗಾಲಿಗೆ ಹಚ್ಚಿ ಕೈಯಲ್ಲಿ ತಿರುಗಿಸುವ ಹಿಡಿಕೆಯೊಂದು ಸಿಗುತ್ತದೆ, ಅದಕ್ಕೆ ಕಾಲೇ ಬೇಡ ಎಂದ. ನನ್ನ ಜಾಣತನ ನೋಡಿ! ಹಿಡಿಕೆ ಕೊಂಡುಕೊಂಡು, ಊರನ್ನೇ ಉದ್ಧಾರ ಮಾಡುವವಳಂತೆ ಬಸ್ಸು ಹತ್ತಿ ತವರಿಗೆ ಬಂದೆ.

ಅಣ್ಣ ಹಿಡಿಕೆ ಹಚ್ಚಿದ. ಬಲಗೈಯಲ್ಲಿ ತಿರುಗಿಸುತ್ತ ಎಡಗೈಯಲ್ಲಿ ಬಟ್ಟೆ ಸರಿಸಿದ. ಹೊಲಿಗೆ ನೂಲು ಹಿಡಿದಂತೆ ನೆಟ್ಟಗೆ ಬಂತು. ನಾನು ಬೀಗುತ್ತ ತಿರುಗಿ ನೋಡಿದರೆ ವೈನಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮುಖ ಸಣ್ಣಗಾಗಿತ್ತು.

"ಇಂಥಾದ್ದು ಐತಿ ಅಂತ ನಿಮಗ ಗೊತ್ತಿತ್ತೇನ್ರಿ?"

ಅಣ್ಣ ಹಿಡಿಕೆ ಬಿಟ್ಟ. "ಗೊತ್ತಿತ್ತು."

"ಯಾವಾಗಿಂದ?"

"ಮೊದಲಿಂದನೂ."

"ಮತ್ತ ಮೂರು ವರ್ಷ ಯಾಕ ತರಿಸಲಿಲ್ರಿ?"

ಊರಿನವರ ಹೊಟ್ಟೆ ಬೆನ್ನು ಎಲ್ಲವನ್ನೂ ಬೀದಿಗೆ ಕೇಳುವಂತೆ ಹೇಳುತ್ತಿದ್ದವನು ಈಗ ಮಷೀನಿಗಷ್ಟೇ ಕೇಳುವಂತೆ ಬಾಯಿ ಬಿಟ್ಟ.

"ತರಿಸಿದ್ರ ನೀ ಹೋಗ್ತಿದ್ದಿ," ಎಂದ. "ಹೋಗು ಅಂದಾವ ನಾನ. ಹೋಗಬ್ಯಾಡ ಅನ್ನಾಕ ಬಾಯಿ ಬರಲಿಲ್ಲ."

ವೈನಿ ಬಂದು ಬೆಂಚಿನ ಮೇಲೆ ತನ್ನ ಜಾಗದಲ್ಲಿ ಕೂತಳು. ತುಳಿಯುವುದು ಏನೂ ಇರಲಿಲ್ಲ, ಸುಮ್ಮನೆ ಕೂತಳು. ನನಗೆ ಅಲ್ಲಿ ನಿಲ್ಲಬಾರದೆಂದು ಅನ್ನಿಸಿತು. ಆದರೆ ಹೊರಗೆ ಹೋಗಲು ನೆಪ ಬೇಕಲ್ಲ? ಮನೆಯ ಕೊಡಗಳೆಲ್ಲ ತುಂಬಿದ್ದವು. ಒಂದನ್ನು ಎತ್ತಿ ಹಿತ್ತಲಲ್ಲಿ ನೀರು ಚೆಲ್ಲಿ, ನೀರು ಮುಗಿದಿದೆಯೆಂದು ಕೂಗಿ ಹೇಳಿ ಬಾವಿಗೆ ಹೊರಟೆ.