ಸಿದ್ಧಲಿಂಗಾಚಾರ್ಯರ ಚುಂಗಾಣಿ ದಿಗ್ವಿಜಯ

ಉಳಿಗೆ ಹರಿತವನ್ನೂ ಮರಕ್ಕೆ ಮನಸ್ಸನ್ನೂ ಕೊಟ್ಟ ಪಂಚಮುಖ ವಿಶ್ವಕರ್ಮನಿಗೆ ಮೊದಲ ನಮಸ್ಕಾರ. ಹೊಗೆಯನ್ನೇ ಬಾವುಟವಾಗಿ ಹಿಡಿದ ಅಗ್ನಿದೇವನಿಗೆ ಎರಡನೆಯದು. ದೇವತೆಗಳ ಮೂಗನ್ನೂ ಅಳತೆಕೋಲಿಟ್ಟು ಕೆತ್ತುತ್ತಿದ್ದ ಆ ಪುಣ್ಯಯುಗದಲ್ಲಿ, ಮೈಸೂರಿನ ಒಂದು ಓಣಿಯಲ್ಲಿ, ಶ್ರೀಗಂಧಖಂಡವಿದಾರಣ, ಸಹಸ್ರಗಣಪತಿನಿರ್ಮಾಣಧುರೀಣ, ನಶ್ಯಲೇಪಿತನಾಸಿಕ ಸಿದ್ಧಲಿಂಗಾಚಾರ್ಯರು ಕಿಟಕಿಯ ಪಕ್ಕದ ಮಣೆಯನ್ನು ಸಿಂಹಾಸನದಂತೆ ಆಳುತ್ತಿದ್ದರು. ಆ ಕೆತ್ತನೆಶಾಲೆಯಲ್ಲಿ ಬೆಳಕು ಬೀಳುವ ಮಣೆ ಅದೊಂದೇ. ಎದುರಿನ ಕತ್ತಲ ಮೂಲೆಯಲ್ಲಿ ಅವರ ಭಾವಮೈದುನ ಮೋನಪ್ಪಾಚಾರ್ಯನು ಹದಿನೆಂಟು ವರ್ಷಗಳಿಂದ ಆ ಬೆಳಕಿನ ಮೇಲೆ ಕಣ್ಣಿಟ್ಟು ಕುಳಿತಿದ್ದನು.

ಒಂದು ದಿನ ನಿವೃತ್ತ ಕರ್ನಲ್ ಮೇದಪ್ಪನವರು ಬಂದರು. ವಿದೇಶದಿಂದ ತರಿಸಿದ, ತೆಂಗಿನಕಾಯಿ ಗಾತ್ರದ, ಬ್ರಯರ್ ಎಂಬ ಪೊದೆಯ ಬೇರಿನ ಗಂಟನ್ನು ಮುಂದಿಟ್ಟು, ಇದರಲ್ಲಿ ಹೊಗೆಸೊಪ್ಪು ಸೇದುವ ಚುಂಗಾಣಿಯೊಂದು ಆಗಬೇಕೆಂದರು.

"ಆಚಾರ್ರೇ, ಪೆನ್ಸಿಲ್ ಮಾತ್ರ ಮುಟ್ಟಬೇಡಿ. ನಾರು ಹೇಗೆ ಓಡ್ತದೋ ಉಳಿಯೂ ಹಾಗೇ ಓಡ್ಲಿ."

ಗೆರೆ ಎಳೆಯದೆ ಕೆತ್ತುವುದೆಂದರೆ ಆ ವಂಶದಲ್ಲಿ ಸ್ನಾನವಿಲ್ಲದೆ ಪೂಜೆಗೆ ಕುಳಿತಂತೆ. ಮೂಲೆಯಿಂದ ಮೋನಪ್ಪನು ಕೇಳಿದನು: "ಗೆರೆ ಹಾಕ್ದೆ ಕೊಯ್ಯಕ್ಕೆ ಇದೇನು ಕುಂಬಳಕಾಯಾ ಭಾವ? ನಿಮ್ಮ ಕೈಲಾಗಲ್ಲ, ಬಿಡಿ."

ಆಚಾರ್ಯರು ಅಳತೆಕೋಲನ್ನು ಅಟ್ಟಕ್ಕೆಸೆದರು. "ಕೇಳ್ಕೋ ಮೋನ. ಇದರಿಂದ ಹೊಗೆ ಬರಲಿಲ್ಲ ಅಂದ್ರೆ ಈ ಮಣೆ ನಿಂದು. ನಾನು ಆ ಮೂಲೇಲಿ ಕೂತು ಬಾಚಣಿಗೆ ಕೆತ್ತುತೀನಿ."

ಆಗ ಮೊದಲಾಯಿತು ಸಂಗ್ರಾಮ. ಕೊಡತಿ ಗುಡುಗಿತು, ಅರ ಗರ್ಜಿಸಿತು, ಕೆಂಪು ಧೂಳಿನಿಂದ ವೀರನ ಹುಬ್ಬುಗಳು ರಂಜಿಸಿದವು. ಜ್ವಾಲೆಯಂತೆ ಏಳುವ ನಾರುಗಳ ಬೆನ್ನುಹತ್ತಿ ಉಳಿ ನಡೆದಲ್ಲೆಲ್ಲ, ಹಂಸದ ಕೊರಳಿನಂಥ ಮೈಯೊಂದು ಮೂಡಿಬಂತು. ಮೂರನೆಯ ದಿನ ಅದರ ಕೆನ್ನೆಯಲ್ಲಿ ಸಾಸಿವೆಯಷ್ಟು ಹಳ್ಳ ಕಂಡಿತು. ಊನವಾದ ವಿಗ್ರಹ ಪೂಜೆಗೆ ಸಲ್ಲದೆಂದು ಕಲಿತ ಕೈ ಸುಮ್ಮನಿದ್ದೀತೆ? ಕೆತ್ತಿ ತೆಗೆದರು, ಕೆಳಗೆ ಇನ್ನೊಂದು ಹಳ್ಳ. ಅದನ್ನೂ ಕೆತ್ತಿದರು. ಹೀಗೆ ಹನ್ನೊಂದು ದಿನ ದೋಷರಾಕ್ಷಸರನ್ನು ಒಬ್ಬೊಬ್ಬರಾಗಿ ಸಂಹರಿಸುತ್ತ, ತೆಂಗಿನಕಾಯಿ ನಿಂಬೆಯಾಗಿ, ನಿಂಬೆ ಅಡಿಕೆಯಾದಾಗ, ಕಳಂಕವಿಲ್ಲದ ಒಂದು ಮೈ ಉಳಿಯಿತು. ಉಸಿರು ಬಿಗಿಹಿಡಿದು ಅದಕ್ಕೆ ಬೈರಿಗೆ ಹಾಕಿ ತೂತು ಕೊರೆದರು.

ಕರ್ನಲ್ಲರು ಬಂದು ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು. ಬ್ರಯರ್ ಬೇರಿನಲ್ಲಿ ಒಂದೆರಡು ಹಳ್ಳ ಇದ್ದೇ ಇರುತ್ತವೆ, ಅದನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ ಎಂದು ಆಮೇಲೆ ಮೆಲ್ಲಗೆ ತಿಳಿಸಿದರು. ಒಂದು ಚಿಟಿಕೆ ಸೊಪ್ಪು ತುಂಬಿದರು. ಅರ್ಧ ಚಿಟಿಕೆ ಹೊರಗೆ ಬಿತ್ತು. ಕಡ್ಡಿ ಗೀರಿದರು. ಮೋನಪ್ಪನು ಮೂಲೆಯಿಂದೆದ್ದು ಹತ್ತಿರ ಬಂದು ನಿಂತನು. ದಾರದಂಥ ಒಂದೆಳೆ ಹೊಗೆ ನೆಟ್ಟಗೆ ಮೇಲಕ್ಕೆದ್ದಿತು. ಅಷ್ಟಕ್ಕೆ ಸೊಪ್ಪು ಮುಗಿಯಿತು.

"ಬಂತಲ್ಲ," ಎಂದರು ಆಚಾರ್ಯರು.

"ಬಂತು ಭಾವ."

ಮಣೆ ಉಳಿಯಿತು. ಕರ್ನಲ್ಲರು ಚುಂಗಾಣಿ ಕಳೆದುಹೋಗದಂತೆ ಕರವಸ್ತ್ರದ ತುದಿಗೆ ಗಂಟು ಹಾಕಿಕೊಂಡು, ಮೋನಪ್ಪನ ಕಡೆ ತಿರುಗಿ, ಒಂದು ಬೀಡಿ ಇದೆಯೇ ಎಂದು ಕೇಳಿದರು.