ಹೊಟ್ಟಿ ಸುಡದ ಗುಳಿಗಿ

ಕಂಪೌಂಡರನ ಕೆಲಸ ಅಂದರೆ ಬಾಟಲಿ ತೊಳೆಯುವುದು, ಪುಡಿ ಅರೆಯುವುದು, ಚೀಟಿ ಅಂಟಿಸುವುದು, ಇಷ್ಟೇ ಅಂತ ತಿಳಿದು ನಾನು ಗೋಕಾಕದ ಒಂದು ದವಾಖಾನೆಗೆ ಸೇರಿಕೊಂಡೆ. ಔಷಧಿ ನನ್ನ ಕೈ ದಾಟಿ ಮಂದಿಯ ಮನೆ ಸೇರಿದ ಮೇಲೆ ಅದರ ಗತಿ ಏನಾಗುತ್ತದೆ ಅನ್ನುವುದನ್ನು ಯಾರೂ ಕಲಿಸಿರಲಿಲ್ಲ. ವಾರಕ್ಕೊಂದಾದರೂ ಹೊಸದು ನಡೆಯುತ್ತಿತ್ತು. ನಮ್ಮ ಡಾಕ್ಟರರಿಗೋ ಒಂದೇ ಚಿಂತೆ: ಔಷಧಿ ಒಂದು ರೋಗ ಕಳೆದು ಇನ್ನೊಂದನ್ನು ತರಬಾರದು.

ಊಟದ ಮ್ಯಾಲೆ

ಆಗ ಕೀಲುನೋವಿಗೆ ಕೊಡುತ್ತಿದ್ದ ಗುಳಿಗೆ ನೋವು ಇಳಿಸುತ್ತಿತ್ತು, ಆದರೆ ಹೊಟ್ಟೆ ಸುಡುತ್ತಿತ್ತು. ಮಸಗುಪ್ಪಿಯ ರೈತನೊಬ್ಬ ಹೊಟ್ಟೆ ಹಿಡಿದುಕೊಂಡು ಬಂದಾಗ ಡಾಕ್ಟರರು, "ಖಾಲಿ ಹೊಟ್ಟ್ಯಾಗ ತಗೋಬ್ಯಾಡ. ಪ್ರತಿ ಗುಳಿಗಿಗೂ ಮೊದಲ ಹೊಟ್ಟಿ ತುಂಬ ಉಣ್ಣು" ಎಂದು ದಿನಕ್ಕೆ ನಾಲ್ಕರಂತೆ ಬರೆದುಕೊಟ್ಟರು.

ಹದಿನೈದು ದಿನಕ್ಕೆ ಗಂಡ ಹೆಂಡತಿ ಇಬ್ಬರೂ ಬಂದರು. ಆತನ ಅಂಗಿಯ ಗುಂಡಿ ಹಾಕಲು ಬರುತ್ತಿರಲಿಲ್ಲ.

"ಭಾರೀ ಔಷಧರಿ ಸಾಹೇಬ್ರ! ಜನ್ಮಾ ಪೂರ್ತಿ ಕೊಟ್ರೂ ತಗೋತೇನಿ" ಎಂದ.

ಹೆಂಡತಿ ಮುಂದೆ ಬಂದು ಎರಡೂ ಕೈ ಚಾಚಿದಳು. "ಮೊದಲ ಎರಡೂಟ ಮಾಡವ್ರು, ಈಗ ಗುಳಿಗಿ ತೋರಿಸಿ ನಾಕೂಟ ಮಾಡಾಕತ್ತಾರ. ರೊಟ್ಟಿ ಬಡದ ಬಡದ ನನ್ನ ಮಣಿಕಟ್ಟ ಹಿಡದಾವ್ರಿ. ಇನ್ನ ಗುಳಿಗಿ ನನಗ ಕೊಡ್ರಿ, ರೊಟ್ಟಿ ಇವರು ಬಡೀಲಿ!"

ಮಾಸ್ತರರ ಗಂಟಿ

ಕೆಲವು ವರ್ಷಗಳ ಮೇಲೆ ಹೊಸ ನಮೂನೆಯ ಕ್ಯಾಪ್ಸೂಲ್ ಬಂತು. ಒಳಗೆ ಸಾಸಿವೆಕಾಳಿನಂಥ ಬಿಳಿ, ಕೆಂಪು ಕಾಳುಗಳು. ಕೆಲವು ಬೇಗ ಕರಗುತ್ತಿದ್ದವು, ಕೆಲವು ತಡವಾಗಿ. ಹಾಗಾಗಿ ಔಷಧಿ ದಿನವಿಡೀ ಸ್ವಲ್ಪ ಸ್ವಲ್ಪವೇ ಒಳಗೆ ಸೇರುತ್ತಿತ್ತು.

ಕುಲಗೋಡದ ಸಾಲಿಯ ಮಾಸ್ತರರೊಬ್ಬರಿಗೆ ಬಿಡದ ನೆಗಡಿ. ಹಳೆಯ ಗುಳಿಗೆ ತಗೊಂಡರೆ ನೆಗಡಿ ನಿಲ್ಲುತ್ತಿತ್ತು, ಆದರೆ ಮಾಸ್ತರರು ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು. ಡಾಕ್ಟರರು ಹೊಸ ಕ್ಯಾಪ್ಸೂಲ್ ಕೊಟ್ಟು, "ಇದು ತಾಸಿಗೆ ಇಷ್ಟಿಷ್ಟ ಕೆಲಸಾ ಮಾಡ್ತೈತ್ರಿ. ನಿದ್ದಿ ಒಮ್ಮೆಲೇ ಬಡ್ಯಾಂಗಿಲ್ಲ" ಎಂದರು.

ಮೂರೇ ದಿನಕ್ಕೆ ಮಾಸ್ತರರು ಸೀನುತ್ತ ಬಂದರು. ಕ್ಯಾಪ್ಸೂಲ್ ಬಿಚ್ಚಿ, ಕಾಳುಗಳನ್ನು ಕಾಗದದ ಮೇಲೆ ಸುರುವಿ, ಎಣಿಸಿ ಪಾಲು ಮಾಡಿ, ಸಾಲಿಯ ಗಂಟೆ ಹೊಡೆದಾಗೊಮ್ಮೆ ಒಂದು ಪಾಲು ನುಂಗುತ್ತಿದ್ದರಂತೆ. ಮೂರನೆಯ ದಿನ ಎರಡನೆಯ ಗಂಟೆಗೆ ಜೋರು ಸೀನು ಬಂದು ಉಳಿದ ಔಷಧಿಯೆಲ್ಲ ಹಾರಿಹೋಯಿತಂತೆ.

ಡಾಕ್ಟರರು ತಲೆ ಹಿಡಿದುಕೊಂಡರು. "ಮಾಸ್ತರ, ಆ ಪಾಲು ಮಾಡೋ ಕೆಲಸಾ ಹೊಟ್ಟಿ ತಾನ ಮಾಡ್ತೈತ್ರಿ!"

"ಹ್ಯಾಂಗ ಮಾಡ್ತೈತ್ರಿ?" ಎಂದರು ಮಾಸ್ತರರು. "ಗಂಟಿ ಇರೋದು ಸಾಲ್ಯಾಗ."

ಅರಗಿನ ಕೋಟು

ಹುಕ್ಕೇರಿ ಕಡೆಯ ನಿಡಸೋಸಿಯಿಂದ ಒಬ್ಬ ಆಯಿ ಬರುತ್ತಿದ್ದಳು. ಎಪ್ಪತ್ತು ದಾಟಿದ ಮುದುಕಿ. "ಮೊಣಕಾಲ ಮಡಚಾಕ ಬರವಲ್ದು. ನೆಲದ ಮ್ಯಾಲೆ ಕುಂತ ಲಿಂಗಪೂಜಿ ಮಾಡಿ ವರ್ಷ ಆತ್ರಿ" ಎಂದು ಕಣ್ಣೀರು ತೆಗೆಯುತ್ತಿದ್ದಳು. ನೋವಿನ ಗುಳಿಗೆ ಕೊಟ್ಟರೆ ಹೊಟ್ಟೆ ಉರಿದು ಅನ್ನ ಬಿಡುತ್ತಿದ್ದಳು.

ಡಾಕ್ಟರರಿಗೆ ತಡೆಯಲಿಲ್ಲ. "ಗುಳಿಗಿಗೆ ಅರಗಿನ ಕೋಟ ಹಾಕೂಣು. ಹೊಟ್ಟ್ಯಾಗಿನ ಹುಳಿ ರಸದಾಗ ಕರಗಬಾರದು, ಮುಂದ ಕರುಳಾಗ ಕರಗಬೇಕು" ಎಂದರು. ನಾನು ಶುದ್ಧ ಅರಗು ತಂದು, ಸ್ಪಿರಿಟ್‌ನಲ್ಲಿ ಕರಗಿಸಿ, ಗುಳಿಗೆಗಳನ್ನು ಅದರಲ್ಲಿ ಹೊರಳಿಸಿ ಒಣಗಿಸಿದೆ. ಡಾಕ್ಟರರು ಹೇಳಿದ್ದು ಒಂದು ಪದರ. ಆಯಿಯ ಮೇಲಿನ ಅಕ್ಕರೆಗೆ ನಾನು ಹಾಕಿದ್ದು ನಾಲ್ಕು. ನಿಂಬೆರಸದಲ್ಲಿ ಎರಡು ತಾಸು ಬಿಟ್ಟರೂ ಗುಳಿಗೆ ಜಪ್ಪಯ್ಯ ಅನ್ನಲಿಲ್ಲ. ಆ ಸಂಭ್ರಮದಲ್ಲಿ, ಕರುಳಿನಲ್ಲಿ ಕರಗುತ್ತದೋ ಇಲ್ಲವೋ ಅಂತ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ನೋಡುವುದು ಮರೆತೇಹೋಯಿತು. ಆಯಿಗೆ ಎಂಟು ಗುಳಿಗೆ ಕಟ್ಟಿಕೊಟ್ಟೆವು.

ಮುಂದಿನ ವಾರ ಬಂದಳು.

"ಹೊಟ್ಟಿ ಉರೀತೇನ್ ಆಯಿ?" ಎಂದರು ಡಾಕ್ಟರರು.

"ಇಲ್ರೀ ಯಪ್ಪಾ, ತಂಪಗ ಐತಿ."

"ಮೊಣಕಾಲು?"

"ಅದು ಇದ್ದಂಗ ಐತಿ." ಸೆರಗಿನ ಗಂಟು ಬಿಚ್ಚಿ ಡಾಕ್ಟರರ ಅಂಗೈಗೆ ಸುರುವಿದಳು. ಎಂಟೂ ಗುಳಿಗೆ ಫಳಫಳ ಹೊಳೆಯುತ್ತಿದ್ದವು.

"ನುಂಗಾಕ ಅಂಜಿದೇನು? ಇಲ್ಲಿ ನೋಡು, ಏನೂ ಆಗಂಗಿಲ್ಲ" ಎಂದು ಡಾಕ್ಟರರು ಒಂದನ್ನು ಬಾಯಿಗೆ ಹಾಕಿಕೊಂಡು ಗಟಕ್ಕನೆ ನುಂಗಿದರು.

ಆಯಿ ಬಾಯಿ ಮೇಲೆ ಕೈ ಇಟ್ಟಳು. "ಅಯ್ಯ ನನ್ನಪ್ಪಾ! ನಾ ಎಂಟೂ ನುಂಗಿದ್ನಿರಿ. ಹೋದಂಗ ಹೊಳ್ಳಿ ಬಂದಾವು. ಕಷ್ಟಪಟ್ಟ ಮಾಡೀರಿ, ಬ್ಯಾರೇದವರಿಗೆ ಆಗ್ಲಿ ಅಂತ ತಂದೆ..." ಡಾಕ್ಟರರ ಮುಖ ನೋಡಿ ಗಾಬರಿಯಾಗಿ ಧೈರ್ಯ ಹೇಳಿದಳು: "ಅಂಜಬ್ಯಾಡ್ರಿ, ಮೂರ ಸಲ ತೊಳದೇನಿ!"

ಡಾಕ್ಟರರು ಅಂದು ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆ ತಾವೇ ಕುಳಿತು ಒಂದೇ ಪದರ ಹಾಕಿ, ಸೋಡಾ ನೀರಿನಲ್ಲಿ ಕರಗುವುದನ್ನು ಕಣ್ಣಾರೆ ಕಂಡು, ಮತ್ತೆ ಕಳಿಸಿಕೊಟ್ಟರು.

ಹದಿನೈದು ದಿನದ ಮೇಲೆ ಆಯಿ ಕೋಲು ಊರದೆ ಒಳಗೆ ಬಂದಳು. ನಾವು ಕುರ್ಚಿ ಎಳೆಯುವುದರೊಳಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, "ದಿನಾ ಹಿಂಗ ಕುಂತ ಪೂಜಿ ಮಾಡಾಕತ್ತೇನಿ" ಎಂದು ನಕ್ಕಳು. ಡಾಕ್ಟರರ ಕಣ್ಣು ಒದ್ದೆಯಾಯಿತು.

ಆಮೇಲೆ ಆಯಿ ಸಂಕೋಚದಿಂದ ದನಿ ತಗ್ಗಿಸಿದಳು. "ಖರೆ ಒಂದ್ ತಪ್ಪಾತ್ರಿ ಸಾಹೇಬ್ರ. ಈ ಸಲ ಎಷ್ಟ ಹುಡುಕಿದ್ರೂ ನಿಮ್ಮ ಗುಳಿಗಿ ಒಂದೂ ಸಿಗಲಿಲ್ಲ."